ನೀರು ಶುದ್ಧೀಕರಣ ಉಪಕರಣ ಜೋಡಿಸುವವರಿಗೆ ಪರವಾನಗಿ: ವಿರೋಧಿಸುವುದೇ, ರೂಪಿಸುವುದೇ?

ಮೈಸೂರು ನಗರದಲ್ಲಿ ಹೊಸ ಮನೆಯೊಂದಕ್ಕೆ ವಿದ್ಯುತ್ ಸಂಪರ್ಕ ಬೇಕಾದರೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಸಹಿ ಬೇಕು. ಗೆದ್ದಲು, ಜಿರಳೆಗಳಿಗೆ ಔಷಧ ಸಿಂಪಡಿಸುವ ವೃತ್ತಿಯವರಿಗೆ 1968ರ ಕೀಟನಾಶಕಗಳ ಕಾಯ್ದೆಯಡಿ ಲೈಸೆನ್ಸ್ ಬೇಕು. ಕೊಳವೆಬಾವಿ ಕೊರೆಯುವ ಯಂತ್ರಕ್ಕೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ನೋಂದಣಿ ಬೇಕು. ಆದರೆ ಅದೇ ಕೊಳವೆಬಾವಿಯಿಂದ ಬಂದ ನೀರನ್ನು ಕುಡಿಯಲು ಯೋಗ್ಯವಾಗಿಸಿ ಕೊಡುತ್ತೇನೆಂದು ಯಂತ್ರ ತಂದು ಗೋಡೆಗೆ ಜೋಡಿಸಿ ಹೋಗುವವನಿಗೆ ಯಾವ ಅರ್ಹತೆಯೂ ಬೇಕಿಲ್ಲ. ಕೈಯಲ್ಲೊಂದು ಡ್ರಿಲ್ಲಿಂಗ್ ಯಂತ್ರ, ಒಂದು ಸ್ಪ್ಯಾನರ್, ಜೇಬಿನಲ್ಲೊಂದು ಟಿಡಿಎಸ್ ಮೀಟರ್ ಇದ್ದರೆ ಆತ ನೀರಿನ ತಜ್ಞ!

ಈ ವಿಚಿತ್ರ ಪರಿಸ್ಥಿತಿಯನ್ನು ಕುರಿತು ನಮ್ಮ ವರ್ತಕ ಬಾಂಧವರು ಗಂಭೀರವಾಗಿ ಆಲೋಚಿಸುವ ಕಾಲ ಬಂದಿದೆ. ನೀರು ಶುದ್ಧೀಕರಣ ಉಪಕರಣಗಳನ್ನು ಜೋಡಿಸುವವರಿಗೆ ಪರವಾನಗಿ ಕಡ್ಡಾಯವಾಗಬೇಕೆಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಹೆಚ್ಚಿನವರು "ಮತ್ತೊಂದು ಲೈಸೆನ್ಸೇ? ಮತ್ತೊಬ್ಬ ಇನ್‌ಸ್ಪೆಕ್ಟರೇ?" ಎಂದು ಕೈಮುಗಿಯುತ್ತೇವೆ. ಅನೇಕ ವರ್ಷಗಳಿಂದ ಪಂಪು, ಪೈಪು, ನೀರಿನ ಉಪಕರಣಗಳ ವ್ಯಾಪಾರದಲ್ಲಿರುವ ನಾನೂ ಹಾಗೆಯೇ ಹೇಳುತ್ತಿದ್ದೆ. ಇಂದು ನನ್ನ ಅಭಿಪ್ರಾಯ ಬದಲಾಗಿದೆ. ಪರವಾನಗಿ ಬೇಕು, ಆದರೆ ಅದು ಅಂಗಡಿಗಲ್ಲ, ಯಂತ್ರ ಜೋಡಿಸುವ ಕೈಗೆ. ಅದರ ಸ್ವರೂಪವನ್ನು ಸರ್ಕಾರ ನಿರ್ಧರಿಸುವ ಮೊದಲು ನಾವೇ ರೂಪಿಸಿ ಮುಂದಿಡಬೇಕು ಎಂಬುದು ಈ ಲೇಖನದ ಆಶಯ.

ಒಂದೇ ಊರು, ಎರಡು ಬಗೆಯ ನೀರು

ಮೈಸೂರಿನ ಹಳೆಯ ಬಡಾವಣೆಗಳಿಗೆ ಕಾವೇರಿ ಮತ್ತು ಕಬಿನಿ ನದಿಗಳ ನೀರು ದೊರೆಯುತ್ತದೆ. ಹೊಂಗಳ್ಳಿ, ಬೆಳಗೊಳ, ಮೇಳಾಪುರ ಹಾಗೂ ಬಿದರಗೂಡು ಸ್ಥಾವರಗಳಿಂದ ಬರುವ ಈ ನೀರನ್ನು ವಾಣಿವಿಲಾಸ ನೀರು ಸರಬರಾಜು ವಿಭಾಗ ಹಂಚುತ್ತದೆ. ಇದು ಮೆದು ನೀರು; ಇದರಲ್ಲಿ ಕರಗಿರುವ ಲವಣಾಂಶ ಕಡಿಮೆ. ನಗರದ ಹೊರವಲಯದ ಕಥೆ ಬೇರೆ. ಬೋಗಾದಿ, ರಮ್ಮನಹಳ್ಳಿ, ಶ್ರೀರಾಂಪುರ, ಕಡಕೊಳಗಳು 2020ರಲ್ಲಿ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ಈ ಭಾಗದ ಅನೇಕ ಖಾಸಗಿ ಬಡಾವಣೆಗಳು ಕೊಳವೆಬಾವಿಗಳನ್ನೇ ನೆಚ್ಚಿಕೊಂಡು ಬೆಳೆದವು. ಅಲ್ಲಿ ಗೀಸರ್ ಒಳಗೆ ಸುಣ್ಣ ಕಟ್ಟುತ್ತದೆ, ಪಾತ್ರೆಗಳ ಮೇಲೆ ಬಿಳಿ ಕಲೆ ಉಳಿಯುತ್ತದೆ, ಸೋಪು ನೊರೆ ಬರುವುದಿಲ್ಲ.

ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಕರಗಿದ ಘನಾಂಶ 500 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ. ಬೇರೆ ಮೂಲವಿಲ್ಲದಿದ್ದಲ್ಲಿ 2000ದವರೆಗೆ ಒಪ್ಪಬಹುದು. ಗಡಸುತನಕ್ಕೆ ಈ ಮಿತಿಗಳು 200 ಮತ್ತು 600. ಫ್ಲೋರೈಡ್‌ಗೆ 1.0 ಮತ್ತು 1.5. ಅಂದರೆ ಯಾವ ಮನೆಗೆ ಯಾವ ಯಂತ್ರ ಎಂಬುದನ್ನು ಅಲ್ಲಿಯ ನೀರು ಹೇಳಬೇಕೇ ಹೊರತು ಮಾರಾಟಗಾರನ ಗುರಿ ಹೇಳಬಾರದು.

ವಾಸ್ತವದಲ್ಲಿ ನಡೆಯುತ್ತಿರುವುದೇನು? ನದಿ ನೀರು ಬರುವ ಮನೆಗೂ ಆರ್.ಓ. ಯಂತ್ರವನ್ನೇ ಮಾರಲಾಗುತ್ತಿದೆ. ಮನೆಬಳಕೆಯ ಆರ್.ಓ. ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಸುಮಾರು ಮೂರು ಲೀಟರ್ ನೀರನ್ನು ಹೊರಹಾಕುವುದು ಸಾಮಾನ್ಯ. ದಿನಕ್ಕೆ 15 ಲೀಟರ್ ಬಳಸುವ ಕುಟುಂಬವೊಂದು ಈ ಲೆಕ್ಕದಲ್ಲಿ ದಿನಕ್ಕೆ 45 ಲೀಟರ್, ವರ್ಷಕ್ಕೆ 16,000 ಲೀಟರಿಗೂ ಹೆಚ್ಚು ನೀರನ್ನು ಮೋರಿಗೆ ಬಿಡುತ್ತದೆ. ನದಿಯಿಂದ ಪಂಪು ಮಾಡಿ, ಶುದ್ಧಗೊಳಿಸಿ, ಕೊಳಾಯಿಗೆ ತಂದ ನೀರಿಗೆ ಈ ಗತಿ. ಇನ್ನೊಂದೆಡೆ, ಕೊಳವೆಬಾವಿಯ ಗಡಸು ನೀರಿಗೆ ಬರಿಯ ಯು.ವಿ. ದೀಪದ ಯಂತ್ರ ಜೋಡಿಸಿ ಹೋದವರೂ ಇದ್ದಾರೆ. ಯು.ವಿ. ಕಿರಣ ರೋಗಾಣುಗಳನ್ನು ಕೊಲ್ಲುತ್ತದೆ, ನಿಜ. ಗಡಸುತನವನ್ನಾಗಲೀ ಫ್ಲೋರೈಡನ್ನಾಗಲೀ ಅದು ಮುಟ್ಟುವುದೂ ಇಲ್ಲ.

ಗ್ರಾಹಕರನ್ನು ಹೆದರಿಸುವ ಪ್ರದರ್ಶನವೊಂದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಎರಡು ಲೋಟ ನೀರಿಗೆ ವಿದ್ಯುತ್ ಕಡ್ಡಿಗಳನ್ನು ಅದ್ದಿ, ಕೊಳಾಯಿ ನೀರು ಕಂದು ಬಣ್ಣಕ್ಕೆ ತಿರುಗುವುದನ್ನು ತೋರಿಸಿ "ನೀವು ಕುಡಿಯುತ್ತಿರುವ ಕೊಳೆ ನೋಡಿ" ಎನ್ನುವುದು. ಆ ಬಣ್ಣ ನೀರಿನ ಕೊಳೆಯಲ್ಲ. ಕಬ್ಬಿಣದ ಕಡ್ಡಿಯೇ ವಿದ್ಯುತ್ತಿನಿಂದ ಕರಗಿ ಬಂದದ್ದು. ಲವಣವಿಲ್ಲದ ಆರ್.ಓ. ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು, ಆದ್ದರಿಂದ ಅದು ತಿಳಿಯಾಗಿ ಉಳಿಯುತ್ತದೆ. ಇದು ವ್ಯಾಪಾರವಲ್ಲ, ಕಣ್ಕಟ್ಟು. ಇಂತಹವರಿಂದಾಗಿ ಪ್ರಾಮಾಣಿಕ ವರ್ತಕನ ಮಾತಿಗೂ ಬೆಲೆ ಇಲ್ಲದಂತಾಗಿದೆ.

ನನ್ನದೇ ಒಂದು ತಪ್ಪು

ಬೇರೆಯವರನ್ನು ದೂರುವ ಮುನ್ನ ನನ್ನದೇ ಉದಾಹರಣೆ ಹೇಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಆಹಾರ ಪದಾರ್ಥ ತಯಾರಿಸುವ ಸಣ್ಣ ಘಟಕದ ಮಾಲೀಕರೊಬ್ಬರು ತಮ್ಮ ಬಾಯ್ಲರಿಗೆಂದು ನನ್ನ ಅಂಗಡಿಯಿಂದ ಸಾಫ್ಟ್‌ನರ್ ಕೊಂಡರು. ದಿನಕ್ಕೆ 5,000 ಲೀಟರ್ ನೀರು ಬೇಕೆಂದರು. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿದಿರಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. 25 ಲೀಟರ್ ರೆಸಿನ್ ಇರುವ ಉಪಕರಣ ಕಳುಹಿಸಿದೆ. ನಾನು ಗೊತ್ತುಮಾಡಿದ ಫಿಟ್ಟರ್ ಅರ್ಧ ದಿನದಲ್ಲಿ ಜೋಡಿಸಿ, ರಾತ್ರಿಗೊಮ್ಮೆ ಉಪ್ಪು ನೀರು ಹರಿಸಿದರೆ ಸಾಕೆಂದು ಹೇಳಿ ಬಂದ.

ವರ್ಷ ತುಂಬುವುದರೊಳಗೆ ಬಾಯ್ಲರ್ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟಿ ಘಟಕ ನಿಂತಿತು. ಆಮೇಲೆ ಪರೀಕ್ಷೆ ಮಾಡಿಸಿದಾಗ ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂ ಇತ್ತು. ಲೆಕ್ಕ ಸರಳ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನವನ್ನು ಹಿಡಿದಿಡಬಲ್ಲದು. 25 ಲೀಟರಿಗೆ 1,250 ಗ್ರಾಂ. ಆ ನೀರಿನಲ್ಲಿ ಇದು ಸುಮಾರು 2,000 ಲೀಟರಿಗೆ ಮುಗಿಯುತ್ತದೆ. ಉಳಿದ 3,000 ಲೀಟರ್ ಗಡಸು ನೀರು ಪ್ರತಿದಿನ ನೇರವಾಗಿ ಬಾಯ್ಲರಿಗೆ ಹೋಗಿತ್ತು! ಉಪಕರಣ ಒಳ್ಳೆಯದೇ ಆಗಿತ್ತು, ರೆಸಿನ್ ಒಳ್ಳೆಯದೇ ಆಗಿತ್ತು, ಬಿಲ್ಲೂ ಸರಿಯಾಗಿತ್ತು. ಐದನೇ ತರಗತಿಯ ಗುಣಾಕಾರವೊಂದನ್ನು ಯಾರೂ ಮಾಡಿರಲಿಲ್ಲ, ಅಷ್ಟೆ. ಆ ಮಾಲೀಕರು ನನ್ನ ಮೇಲೆ ದಾವೆ ಹೂಡಲಿಲ್ಲ. ಅದು ಅವರ ದೊಡ್ಡತನ. ಆದರೆ ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಕಾನೂನು ಈಗಾಗಲೇ ಬಾಗಿಲಿಗೆ ಬಂದಿದೆ

"ಊರಿಗೆ ಬಂದವಳು ನೀರಿಗೆ ಬಾರದಿರುವಳೇ" ಎಂಬ ಗಾದೆ ನಮ್ಮ ವ್ಯಾಪಾರಕ್ಕೆ ಅಕ್ಷರಶಃ ಒಪ್ಪುತ್ತದೆ. ಕಾನೂನು ಊರಿಗೆ ಬಂದು ಬಹಳ ದಿನವಾಯಿತು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ 20ರಂದು ನೀಡಿದ ಆದೇಶದಲ್ಲಿ, ಕರಗಿದ ಘನಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್.ಓ. ಬಳಕೆಯನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿತು. ಅದೇ ವರ್ಷ ಉತ್ಪಾದಕರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ, ಸರ್ಕಾರದ ಮುಂದೆಯೇ ಅಹವಾಲು ಮಂಡಿಸುವಂತೆ ಸೂಚನೆ ದೊರೆಯಿತು. ಮುಂದೆ 2020ರಲ್ಲಿ ಕರಡು ಅಧಿಸೂಚನೆ ಹೊರಬಿತ್ತು. 2023ರ ನವೆಂಬರಿನಲ್ಲಿ ನೀರು ಶುದ್ಧೀಕರಣ ವ್ಯವಸ್ಥೆಗಳ ಬಳಕೆಯನ್ನು ನಿಯಂತ್ರಿಸುವ ನಿಯಮಗಳೇ ಪ್ರಕಟವಾಗಿ, ಜಾರಿಗೆ ಒಂದು ವರ್ಷದ ಕಾಲಾವಕಾಶ ನೀಡಲಾಯಿತು. ಇವೆಲ್ಲದರ ಕಣ್ಣು ಮುಖ್ಯವಾಗಿ ಇರುವುದು ಯಂತ್ರದ ಮೇಲೆ ಮತ್ತು ಅದನ್ನು ತಯಾರಿಸುವವರ, ಬಳಸುವವರ ಮೇಲೆ. ನಡುವೆ ನಿಂತು ಜೋಡಿಸುವವನು ಇನ್ನೂ ಹೊರಗೇ ಉಳಿದಿದ್ದಾನೆ.

ಹೊರಗಿದ್ದಾನೆಂದು ಸಮಾಧಾನಪಡುವಂತಿಲ್ಲ. 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನದ ಹೊಣೆಗಾರಿಕೆ ಎಂಬ ಅಧ್ಯಾಯವನ್ನೇ ಹೊಂದಿದೆ. ಅದರಲ್ಲಿ "ಉತ್ಪನ್ನ ಮಾರಾಟಗಾರ" ಎಂಬ ಪದದ ವ್ಯಾಖ್ಯೆಯೊಳಗೆ ಸರಕನ್ನು ಮಾರುವವನಷ್ಟೇ ಅಲ್ಲದೆ ಅದನ್ನು ಜೋಡಿಸುವವನು, ದುರಸ್ತಿ ಮಾಡುವವನು, ನಿರ್ವಹಿಸುವವನು ಸಹ ಸೇರಿದ್ದಾರೆ. ನನ್ನಂತಹ ವರ್ತಕನ ಸಾಫ್ಟ್‌ನರ್ ಪ್ರಕರಣ ಇಂದು ನಡೆದು ಗ್ರಾಹಕ ಆಯೋಗದ ಮುಂದೆ ಹೋದರೆ, "ಫಿಟ್ಟರ್ ಮಾಡಿದ ತಪ್ಪು, ನನಗೇನೂ ಗೊತ್ತಿಲ್ಲ" ಎಂದು ಜಾರಿಕೊಳ್ಳುವುದು ಸುಲಭವಲ್ಲ. ಹೊಣೆ ಈಗಾಗಲೇ ನಮ್ಮ ಹೆಗಲೇರಿದೆ. ಅರ್ಹತೆಯ ರಕ್ಷಣೆ ಮಾತ್ರ ಇನ್ನೂ ದೊರೆತಿಲ್ಲ. ಪರವಾನಗಿ ಹೊಂದಿದ ಕುಶಲಕರ್ಮಿ, ನೀರಿನ ಪರೀಕ್ಷಾ ವರದಿ ಮತ್ತು ಸಹಿ ಮಾಡಿದ ಜೋಡಣಾ ಪತ್ರ ಈ ಮೂರೂ ಇದ್ದಲ್ಲಿ ಪ್ರಾಮಾಣಿಕ ವರ್ತಕನಿಗೆ ಅದಕ್ಕಿಂತ ದೊಡ್ಡ ಗುರಾಣಿ ಮತ್ತೊಂದಿಲ್ಲ.

ಆರೋಗ್ಯದ ಪ್ರಶ್ನೆ

ಇದು ಕೇವಲ ಲಾಭನಷ್ಟದ ಪ್ರಶ್ನೆಯೂ ಅಲ್ಲ. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಮೇ ತಿಂಗಳಲ್ಲಿ ನಮ್ಮದೇ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರಿನಿಂದ ಜನ ಆಸ್ಪತ್ರೆ ಸೇರಿದರು, ಜೀವಹಾನಿಯೂ ಆಯಿತು. ಇವು ಸಾರ್ವಜನಿಕ ಸರಬರಾಜಿನ ಲೋಪಗಳು, ಯಂತ್ರ ಜೋಡಿಸುವವರದಲ್ಲ. ಆದರೆ ಇಂತಹ ಸುದ್ದಿ ಬಂದ ಮಾರನೆಯ ದಿನವೇ ಜನ ನಮ್ಮ ಅಂಗಡಿಗಳಿಗೆ ಬರುತ್ತಾರೆ. ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದಿಲ್ಲವೆಂಬುದನ್ನು, ಮೀಟರಿನಲ್ಲಿ ಉತ್ತಮ ಅಂಕಿ ತೋರಿಸುವ ನೀರೂ ಪ್ರಾಣ ತೆಗೆಯಬಹುದೆಂಬುದನ್ನು ಅವರಿಗೆ ತಿಳಿಸಿ ಹೇಳುವವರು ಯಾರು?

ತಪ್ಪು ಜೋಡಣೆಯಿಂದ ಒಳ್ಳೆಯ ನೀರೂ ಕೆಡಬಹುದು. ಯಂತ್ರದ ಹೊರಹರಿವಿನ ಕೊಳವೆಯನ್ನು ಗಾಳಿಯ ಅಂತರವಿಲ್ಲದೆ ನೇರವಾಗಿ ಚರಂಡಿಯ ಪೈಪಿಗೆ ಸೇರಿಸುವುದು ಇಂತಹ ತಪ್ಪು. ನಾನ್ ರಿಟರ್ನ್ ವಾಲ್ವ್ ಇಲ್ಲದ ಕಡೆ ಸರಬರಾಜು ನಿಂತು ಕೊಳವೆಯ ಒತ್ತಡ ಇಳಿದಾಗ, ಕೊಳೆ ನೀರು ಹಿಂದಕ್ಕೆ ಎಳೆಯಲ್ಪಡುವ ಅಪಾಯವಿದೆ. ದಿನದ 24 ಗಂಟೆಯೂ ನೀರು ಬಾರದ ಬೀದಿಗಳಲ್ಲಿ ಈ ಅಪಾಯ ಹೆಚ್ಚು. ಸಾಫ್ಟ್‌ನರ್ ನೀರಿನಲ್ಲಿ ಸೋಡಿಯಂ ಅಂಶ ಏರುತ್ತದೆಂಬುದನ್ನು ರಕ್ತದೊತ್ತಡದ ರೋಗಿಯಿರುವ ಮನೆಗೆ ತಿಳಿಸದಿರುವುದೂ ಲೋಪವೇ. ಗ್ರಾಮೀಣ ಭಾಗದಲ್ಲಿ ಸರ್ಕಾರ ಸ್ಥಾಪಿಸಿದ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಎಷ್ಟೋ ಕೆಟ್ಟು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಯಂತ್ರ ಕೊಳ್ಳಲು ಹಣವಿತ್ತು. ಅದನ್ನು ಬಲ್ಲ ಕೈಗಳನ್ನು ತಯಾರು ಮಾಡುವ ಚಿಂತನೆ ಸಾಲಲಿಲ್ಲ.

ಆಕ್ಷೇಪಣೆಗಳು ನಿರಾಧಾರವಲ್ಲ

ಪರವಾನಗಿಯನ್ನು ವಿರೋಧಿಸುವ ಮಿತ್ರರ ವಾದಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು, ಲೈಸೆನ್ಸ್ ಎಂದರೆ ಕಚೇರಿ ಅಲೆದಾಟ ಮತ್ತು ಮೇಜಿನ ಕೆಳಗಿನ ವ್ಯವಹಾರ ಎಂಬ ಭಯ. 1991ಕ್ಕೆ ಮುಂಚಿನ ದಿನಗಳನ್ನು ಕಂಡವರಿಗೆ ಈ ಭಯ ಸಹಜ. ಎರಡನೆಯದು, ದೊಡ್ಡ ಕಂಪನಿಗಳು ತಮ್ಮ ಸೇವಾ ಜಾಲದವರಿಗೆ ಸುಲಭವಾಗಿ ಪ್ರಮಾಣಪತ್ರ ಕೊಡಿಸಿಕೊಳ್ಳುತ್ತವೆ. ಹೆಬ್ಬಾಳ, ಕೂರ್ಗಳ್ಳಿಗಳ ಸಣ್ಣ ಶೆಡ್ಡುಗಳಲ್ಲಿ ಬಿಡಿಭಾಗ ತಂದು ಯಂತ್ರ ಕಟ್ಟುವವರು ಮಾತ್ರ ಮುಳುಗುತ್ತಾರೆ ಎಂಬುದು. ಮೂರನೆಯದು, ಹತ್ತಿಪ್ಪತ್ತು ವರ್ಷ ಕೈಯಲ್ಲೇ ಕೆಲಸ ಕಲಿತು, ಶಾಲೆಯ ಪ್ರಮಾಣಪತ್ರವಿಲ್ಲದ ಫಿಟ್ಟರುಗಳು ಬೀದಿಗೆ ಬೀಳುತ್ತಾರೆ ಎಂಬುದು.

ಇವು ಮೂರೂ ನಿಜವಾದ ಅಪಾಯಗಳೇ. ಆದರೆ ಇವು ಪರವಾನಗಿಯ ಸ್ವರೂಪವನ್ನು ಕುರಿತ ಆಕ್ಷೇಪಣೆಗಳೇ ಹೊರತು ಪರವಾನಗಿಯನ್ನೇ ಕುರಿತವಲ್ಲ. ವಿದ್ಯುತ್ ಗುತ್ತಿಗೆದಾರರಿಗೆ ಪರವಾನಗಿ ಕಡ್ಡಾಯವಾದದ್ದರಿಂದ ನಮ್ಮ ಊರಿನ ಸಣ್ಣ ಗುತ್ತಿಗೆದಾರರು ಅಳಿದುಹೋಗಲಿಲ್ಲ. ಬದಲಿಗೆ ಅವರ ವೃತ್ತಿಗೆ ಒಂದು ಗೌರವ, ಕೂಲಿಗೆ ಒಂದು ದರ ಬಂದಿತು. ಇಂದು ನೀರಿನ ಯಂತ್ರ ಜೋಡಿಸುವವನ ಶ್ರಮಕ್ಕೆ ಬೆಲೆಯೇ ಇಲ್ಲ. "ಜೋಡಣೆ ಉಚಿತ" ಎಂದು ನಾವೇ ಫಲಕ ಹಾಕುತ್ತೇವೆ. ಉಚಿತವಾಗಿ ಮಾಡಿದ ಕೆಲಸದಲ್ಲಿ ನೀರಿನ ಪರೀಕ್ಷೆಗೆ ಸಮಯವೆಲ್ಲಿಂದ ಬರಬೇಕು?

ಹೊರದೇಶಗಳಲ್ಲಿ ಹೇಗಿದೆ?

ಅಮೆರಿಕದ ಕೆಲವು ರಾಜ್ಯಗಳು ಈ ಪ್ರಶ್ನೆಯನ್ನು ಎಂದೋ ಎದುರಿಸಿವೆ. ಕ್ಯಾಲಿಫೋರ್ನಿಯಾದಲ್ಲಿ ನೀರು ಸಂಸ್ಕರಣೆಯ ಗುತ್ತಿಗೆದಾರರಿಗೆ ಸಿ-55 ಎಂಬ ಪ್ರತ್ಯೇಕ ವರ್ಗದ ಪರವಾನಗಿ ಇದೆ. ಟೆಕ್ಸಾಸ್‌ನಲ್ಲಿ ಮೂರು ದರ್ಜೆಗಳ ನೀರು ಸಂಸ್ಕರಣಾ ತಜ್ಞರಿಗೆ ಪರಿಸರ ಆಯೋಗವೇ ಪರವಾನಗಿ ನೀಡುತ್ತದೆ. ಮಿನ್ನೆಸೋಟದಲ್ಲಿ ಕಾರ್ಮಿಕ ಇಲಾಖೆಗೆ ಈ ಹೊಣೆ. ಅವೆಲ್ಲವನ್ನೂ ನಾವು ಹಾಗೆಯೇ ತಂದು ಇಲ್ಲಿ ನೆಡಬೇಕಿಲ್ಲ. ಆದರೆ ದರ್ಜೆಗಳ ವ್ಯವಸ್ಥೆ ನಮಗೂ ಉಪಯುಕ್ತ: ಅಡುಗೆಮನೆಯ ಫಿಲ್ಟರ್ ಜೋಡಿಸುವವನಿಂದ ಬಾಯ್ಲರ್ ನೀರಿನ ಜ್ಞಾನವನ್ನು ನಿರೀಕ್ಷಿಸುವುದು ಅನ್ಯಾಯ, ಬಾಯ್ಲರಿಗೆ ಅಡುಗೆಮನೆಯ ಜ್ಞಾನ ಸಾಲದು.

ನಮ್ಮ ಮುಂದಿರುವ ದಾರಿ

ಈ ಹಿನ್ನೆಲೆಯಲ್ಲಿ ಸದಸ್ಯರ ಚರ್ಚೆಗಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತಿದ್ದೇನೆ.

1. ಪರವಾನಗಿ ವ್ಯಕ್ತಿಗೆ ಇರಲಿ, ಮಳಿಗೆಗೆ ಬೇಡ. ಮಳಿಗೆಗೆ ನಗರಪಾಲಿಕೆಯ ಉದ್ದಿಮೆ ಪರವಾನಗಿ, ಜಿಎಸ್‌ಟಿ ನೋಂದಣಿ ಈಗಾಗಲೇ ಇವೆ. ಮತ್ತೊಂದು ತಪಾಸಣೆಯ ಅಗತ್ಯವಿಲ್ಲ.

2. ಮೂರು ದರ್ಜೆಗಳಿರಲಿ: ಮನೆಬಳಕೆಯ ಯಂತ್ರಗಳು, ಕಟ್ಟಡಗಳ ಸಾಫ್ಟ್‌ನರ್ ಮತ್ತು ಕಬ್ಬಿಣಾಂಶ ನಿವಾರಕಗಳು, ಕೈಗಾರಿಕೆಯ ಆರ್.ಓ. ಮತ್ತು ಬಾಯ್ಲರ್ ನೀರಿನ ಘಟಕಗಳು.

3. ಪರೀಕ್ಷೆ ಕನ್ನಡದಲ್ಲಿರಲಿ, ಕೈಕೆಲಸಕ್ಕೆ ಒತ್ತು ಕೊಡಲಿ. ಪ್ರಯೋಗಾಲಯದ ವರದಿ ಓದುವುದು, ರೆಸಿನ್ ಲೆಕ್ಕ ಹಾಕುವುದು, ಹಿಮ್ಮುಖ ಹರಿವನ್ನು ತಡೆಯುವುದು, ಅರ್ಥಿಂಗ್ ಪರಿಶೀಲಿಸುವುದು, ಹೊರಬಿದ್ದ ನೀರಿನ ಮರುಬಳಕೆ ಇವಿಷ್ಟು ಬಂದರೆ ಸಾಕು. ಪ್ಲಂಬರ್ ತರಬೇತಿ ನೀಡುವ ನಮ್ಮ ಐಟಿಐಗಳು ಮನಸ್ಸು ಮಾಡಿದರೆ ಇದನ್ನು ನಡೆಸಬಲ್ಲವು.

4. ಅನುಭವಸ್ಥ ಫಿಟ್ಟರುಗಳಿಗೆ ಶಾಲಾ ಪ್ರಮಾಣಪತ್ರ ಕೇಳುವುದು ಬೇಡ. ಕೇಂದ್ರದ ಕೌಶಲಾಭಿವೃದ್ಧಿ ಯೋಜನೆಯಲ್ಲಿ ಹಿಂದಿನ ಕಲಿಕೆಯನ್ನು ಗುರುತಿಸಿ ಪ್ರಮಾಣಪತ್ರ ನೀಡುವ ಪದ್ಧತಿ ಇದೆ. ಅದೇ ದಾರಿ ಇಲ್ಲಿಯೂ ಆಗಲಿ.

5. ಅರ್ಜಿಯ ವಿಲೇವಾರಿ 2011ರ ಸಕಾಲ ಕಾಯ್ದೆಯ ವ್ಯಾಪ್ತಿಗೆ ಬರಲಿ. ನಿಗದಿತ ದಿನಗಳೊಳಗೆ ಉತ್ತರ ಬಾರದಿದ್ದರೆ ಪರವಾನಗಿ ದೊರೆತಂತೆಯೇ ಎಂಬ ನಿಯಮವಿರಲಿ. ನವೀಕರಣ ಐದು ವರ್ಷಕ್ಕೊಮ್ಮೆ ಸಾಕು.

6. ನೀರಿನ ವರದಿಯಿಲ್ಲದೆ ಜೋಡಣೆಯಿಲ್ಲ ಎಂಬುದು ನಿಯಮವಾಗಲಿ. ಜಲಜೀವನ್ ಮಿಷನ್ ಅಡಿಯಲ್ಲಿ 2021ರಲ್ಲಿ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳನ್ನು ಅಲ್ಪ ಶುಲ್ಕಕ್ಕೆ ಸಾರ್ವಜನಿಕರಿಗೂ ತೆರೆಯಲಾಯಿತು. ಸಿಎಫ್‌ಟಿಆರ್‌ಐ ಅಂತಹ ರಾಷ್ಟ್ರೀಯ ಸಂಸ್ಥೆಯನ್ನೂ ಹಲವು ಇಂಜಿನಿಯರಿಂಗ್ ಕಾಲೇಜುಗಳನ್ನೂ ಹೊಂದಿರುವ ಮೈಸೂರಿನಲ್ಲಿ ಪರೀಕ್ಷೆ ಮಾಡಿಸಲು ಜಾಗವಿಲ್ಲವೆಂದರೆ ಯಾರೂ ನಂಬರು.

ಸರ್ಕಾರದ ಆದೇಶಕ್ಕೆ ಕಾಯದೆ ಆರಂಭಿಸಬಹುದಾದ ಕೆಲಸವೂ ಇದೆ. ನಮ್ಮ ಸಂಸ್ಥೆಯೇ ನೀರು ಶುದ್ಧೀಕರಣ ಉಪಕರಣಗಳ ವರ್ತಕರ, ತಯಾರಕರ ಸಭೆ ಕರೆದು ಸ್ವಯಂಪ್ರೇರಿತ ನೋಂದಣಿ ಪಟ್ಟಿಯೊಂದನ್ನು ತೆರೆಯಬಹುದು. ಪಟ್ಟಿಯಲ್ಲಿರುವ ಜೋಡಣೆಗಾರ ಯಂತ್ರದ ಮೇಲೊಂದು ಚೀಟಿ ಅಂಟಿಸಬೇಕು: ಒಳಬರುವ ನೀರಿನ ಅಂಕಿಗಳು, ಹೊರಬರುವ ನೀರಿನ ಅಂಕಿಗಳು, ಫಿಲ್ಟರ್ ಬದಲಿಸಬೇಕಾದ ದಿನಾಂಕ, ತನ್ನ ಹೆಸರು ಮತ್ತು ಸಹಿ. ಇದಕ್ಕೆ ಕಾನೂನಿನ ಅಗತ್ಯವಿಲ್ಲ, ದೊಡ್ಡ ಖರ್ಚೂ ಇಲ್ಲ. ಒಂದೆರಡು ವರ್ಷ ಹೀಗೆ ನಡೆಸಿ ತೋರಿಸಿದರೆ, ನಾಳೆ ಸರ್ಕಾರ ನಿಯಮ ರೂಪಿಸುವಾಗ ನಮ್ಮ ಪಟ್ಟಿಯೇ ಅದಕ್ಕೆ ಮಾದರಿಯಾಗಬಹುದು.

ಹಾಗೆ ಮಾಡದಿದ್ದರೆ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಎಲ್ಲೋ ಒಂದು ಹಾಸ್ಟೆಲಿನಲ್ಲೋ ಕಲ್ಯಾಣ ಮಂಟಪದಲ್ಲೋ ತಪ್ಪಾಗಿ ಜೋಡಿಸಿದ ಯಂತ್ರದಿಂದ ಅನಾಹುತವಾಗುತ್ತದೆ. ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ವಾರದೊಳಗೆ ಸುತ್ತೋಲೆ ಹೊರಡುತ್ತದೆ. ಮನೆಗೆ ಬೆಂಕಿ ಬಿದ್ದಾಗ ತೋಡಿದ ಬಾವಿಯಂತಹ ಆ ನಿಯಮದಲ್ಲಿ ಸಣ್ಣ ವರ್ತಕನ ಕಷ್ಟಕ್ಕೆ ಜಾಗವಿರುವುದಿಲ್ಲ. ಆಗ ನಾವು ಮನವಿ ಪತ್ರ ಹಿಡಿದು ಇಲಾಖೆಯಿಂದ ಇಲಾಖೆಗೆ ಅಲೆಯಬೇಕಾಗುತ್ತದೆ.

ನೀರು ಮಾರುವುದು, ನೀರಿನ ಯಂತ್ರ ಮಾರುವುದು ಇತರ ಸರಕಿನ ವ್ಯಾಪಾರದಂತಲ್ಲ. ಬಟ್ಟೆಯ ಬಣ್ಣ ಹೋದರೆ ಗ್ರಾಹಕ ಬೈದು ಸುಮ್ಮನಾಗುತ್ತಾನೆ. ಮಗು ಕುಡಿದ ನೀರು ಕೆಟ್ಟರೆ ಸುಮ್ಮನಾಗುವುದಿಲ್ಲ, ಆಗಲೂಬಾರದು. ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಪದಾಧಿಕಾರಿಗಳನ್ನೂ, ತಮ್ಮ ಅನುಭವ ಮತ್ತು ಆಕ್ಷೇಪಣೆಗಳನ್ನು ಬರೆದು ಕಳುಹಿಸಬೇಕೆಂದು ಸದಸ್ಯ ಮಿತ್ರರನ್ನೂ ಕೋರುತ್ತೇನೆ. ಅಲ್ಲಿಯವರೆಗೆ ನನ್ನ ಅಂಗಡಿಯ "ಜೋಡಣೆ ಉಚಿತ" ಎಂಬ ಫಲಕವನ್ನು ಕೆಳಗಿಳಿಸಿದ್ದೇನೆ. ಅದರ ಜಾಗದಲ್ಲಿ "ನೀರಿನ ವರದಿ ತನ್ನಿ, ಯಂತ್ರ ಆಮೇಲೆ ನೋಡೋಣ" ಎಂದು ಬರೆಸಿದ್ದೇನೆ.